ಕೂಸು ಮಲಗುವ ಜಾಗ: ಬಾಣಂತಿ ಕೋಣೆಯಿಂದ ಮೊದಲ ಹುಟ್ಟುಹಬ್ಬದವರೆಗೆ

ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಹಾಲು ಸಾಲುತ್ತಿದೆಯೇ, ಯಾವ ಎಣ್ಣೆ ಹಚ್ಚಬೇಕು, ಹೆಸರೇನಿಡಬೇಕು ಎಂದು ಮನೆಮಂದಿಯೆಲ್ಲ ಕೂತು ಮಾತಾಡುತ್ತೇವೆ. ಮಗು ದಿನದ ಅರ್ಧಕ್ಕಿಂತ ಹೆಚ್ಚು ಪಾಲು ಕಳೆಯುವ ಹಾಸಿಗೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಎಳೆಗೂಸು ಇರುವವರು, ಹೆರಿಗೆಯ ದಿನ ಎಣಿಸುತ್ತಿರುವವರು, ಮಗಳ ಬಾಣಂತನಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿರುವ ಅಮ್ಮಂದಿರು ಈ ಲೇಖನವನ್ನು ಒಟ್ಟಿಗೆ ಕೂತು ಓದಬೇಕೆಂಬುದು ನನ್ನ ಆಸೆ. ಮಗುವನ್ನು ಮಲಗಿಸುವವರು ಒಬ್ಬರಲ್ಲ, ಹಲವರು.

ಚೆನ್ನಾಗಿಯೇ ಇದ್ದ ಮಗು ಹಾಲು ಕುಡಿದು ಮಲಗಿ ಮತ್ತೆ ಏಳದೇ ಹೋಗುವುದು ಅಪರೂಪ, ಆದರೆ ಅದು ನಡೆಯುತ್ತದೆ. ಒಂದು ವರ್ಷದೊಳಗಿನ ಮಗು ಹೀಗೆ ನಿದ್ದೆಯಲ್ಲೇ ತೀರಿಕೊಂಡು, ಮರಣೋತ್ತರ ಪರೀಕ್ಷೆ ಮಾಡಿ, ಮಲಗಿದ್ದ ಜಾಗವನ್ನು ಪರಿಶೀಲಿಸಿ, ಹಿಂದಿನ ಆರೋಗ್ಯದ ವಿವರವನ್ನೆಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಅದಕ್ಕೆ ಹಠಾತ್ ಶಿಶು ಮರಣ ಎನ್ನುತ್ತಾರೆ. ವೈದ್ಯರು ಸಿಡ್ಸ್ ಎಂದು ಕರೆಯುವುದು ಇದನ್ನೇ. ಒಂದರಿಂದ ನಾಲ್ಕು ತಿಂಗಳ ನಡುವೆ ಇದರ ಅಪಾಯ ಅತಿ ಹೆಚ್ಚು. ಶೇಕಡ 90ರಷ್ಟು ಸಾವುಗಳು ಆರು ತಿಂಗಳು ತುಂಬುವ ಮೊದಲೇ ಆಗುತ್ತವೆ. ಇದಲ್ಲದೆ ದಿಂಬು, ಹೊದಿಕೆ ಅಥವಾ ದೊಡ್ಡವರ ಮೈಯಡಿ ಉಸಿರುಕಟ್ಟಿ ಹೋಗುವ ಮಕ್ಕಳೂ ಇದ್ದಾರೆ. ಎರಡನ್ನೂ ತಡೆಯಲು ಮಾಡಬೇಕಾದ ಕೆಲಸಗಳು ಹೆಚ್ಚುಕಡಿಮೆ ಒಂದೇ.

ಹೀಗೇಕಾಗುತ್ತದೆ ಎಂಬುದಕ್ಕೆ ಫಿಲಿಯಾನೊ ಮತ್ತು ಹನ್ನಾ ಕಿನ್ನಿ ಎಂಬ ಅಮೆರಿಕದ ವೈದ್ಯರು 1994ರಲ್ಲಿ ಕೊಟ್ಟ ವಿವರಣೆಯನ್ನು ಇಂದಿಗೂ ಬಳಸುತ್ತಾರೆ. ಮೂರು ಸಂಗತಿಗಳು ಒಂದೇ ಹೊತ್ತಿಗೆ ಕೂಡಿದಾಗ ಅನಾಹುತವಾಗುತ್ತದೆ. ಒಂದು, ಕೆಲವು ಮಕ್ಕಳ ಮಿದುಳುಕಾಂಡದಲ್ಲಿ ಉಸಿರಾಟ ಮತ್ತು ಎಚ್ಚರವನ್ನು ನೋಡಿಕೊಳ್ಳುವ ಭಾಗ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ಎರಡು, ಆ ಮೊದಲ ಆರು ತಿಂಗಳ ವಯಸ್ಸು. ಮೂರು, ಹೊರಗಿನ ಒಂದು ಒತ್ತಡ: ಮುಖ ಹಾಸಿಗೆಗೆ ಒತ್ತಿರುವುದು, ಮೈ ಕಾದಿರುವುದು, ಹೊಗೆ. ಮುಖದ ಸುತ್ತ ಬಟ್ಟೆ ಕವಿದಾಗ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಆಮ್ಲಜನಕ ಇಳಿಯುತ್ತದೆ. ಬೇರೆ ಮಗುವಾದರೆ ಎಚ್ಚರಗೊಂಡು ಕತ್ತು ಹೊರಳಿಸಿ ಅಳುತ್ತದೆ. ಈ ಮಗುವಿಗೆ ಆ ಎಚ್ಚರ ಬರುವುದಿಲ್ಲ. ಯಾವ ಮಗುವಿನೊಳಗೆ ಆ ದುರ್ಬಲತೆ ಇದೆ ಎಂದು ಹೇಳುವ ಪರೀಕ್ಷೆ ಇಲ್ಲ, ವಯಸ್ಸನ್ನು ತಡೆದು ನಿಲ್ಲಿಸಲಾಗದು. ನಮ್ಮ ಕೈಯಲ್ಲಿರುವುದು ಮೂರನೆಯದು ಮಾತ್ರ. ಆದ್ದರಿಂದ ಮುಂದಿನ ಹೆಜ್ಜೆಗಳು ಎಲ್ಲ ಮಕ್ಕಳಿಗೂ, ಗುಂಡುಗುಂಡಾಗಿ ಹುಟ್ಟಿದ ಮಗುವಿಗೂ ಅನ್ವಯಿಸುತ್ತವೆ.

ಮೊದಲ ಹೆಜ್ಜೆ: ಅಂಗಾತ ಮಲಗಿಸಿ, ಪ್ರತಿ ಸಲವೂ

ರಾತ್ರಿಯಾಗಲಿ, ಹಗಲಿನ ಅರ್ಧ ಗಂಟೆಯ ನಿದ್ದೆಯಾಗಲಿ, ಮಗುವಿನ ಬೆನ್ನು ಹಾಸಿಗೆಗೆ ತಾಗಿರಬೇಕು, ಮುಖ ಮೇಲಕ್ಕಿರಬೇಕು. ಮಗ್ಗುಲಲ್ಲಿ ಮಲಗಿಸುವುದೂ ಬೇಡ, ಏಕೆಂದರೆ ಅಲ್ಲಿಂದ ಬೋರಲಾಗಲು ಒಂದು ಸಣ್ಣ ಹೊರಳು ಸಾಕು.

ಈ ಒಂದು ಮಾತಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಬೇರೆ ದೇಶಗಳ ಕಥೆ ಕೇಳಿ. ಬ್ರಿಟನ್, ಅಮೆರಿಕ, ನೆದರ್ಲೆಂಡ್ಸ್, ನ್ಯೂಜಿಲೆಂಡ್‌ಗಳಲ್ಲಿ ಹಲವು ದಶಕ ಮಕ್ಕಳನ್ನು ಬೋರಲು ಮಲಗಿಸುತ್ತಿದ್ದರು. ಕಕ್ಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ ಎಂದು ವೈದ್ಯರೇ ಸಲಹೆ ಕೊಡುತ್ತಿದ್ದರು. 1980ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ಅಧ್ಯಯನ ಮತ್ತು ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಮಕ್ಕಳ ವೈದ್ಯ ಪೀಟರ್ ಫ್ಲೆಮಿಂಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ನಿದ್ದೆಯಲ್ಲಿ ತೀರಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಬೋರಲು ಮಲಗಿದ್ದವರೆಂದು ತೋರಿಸಿದವು. 1991ರಲ್ಲಿ ಬ್ರಿಟನ್ನಿನ ಟಿವಿ ನಿರೂಪಕಿ ಆ್ಯನ್ ಡೈಮಂಡ್ ಅವರ ಎಳೆಯ ಮಗ ಸೆಬಾಸ್ಟಿಯನ್ ಹೀಗೆಯೇ ತೀರಿಕೊಂಡ. ಆಕೆ ದುಃಖವನ್ನು ನುಂಗಿಕೊಂಡು ಕೂರಲಿಲ್ಲ. ಈ ವಿಷಯ ಪ್ರತಿ ತಾಯಿಗೂ ತಲುಪಲೇಬೇಕೆಂದು ಸರ್ಕಾರದ ಬೆನ್ನು ಹತ್ತಿದರು. ಅದೇ ವರ್ಷದ ಕೊನೆಗೆ ದೇಶವ್ಯಾಪಿ ಪ್ರಚಾರ ಶುರುವಾಯಿತು. ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ಬದಲಿಸಿತು, 1994ರಲ್ಲಿ ಅಲ್ಲೂ ಪ್ರಚಾರ ಹೊರಟಿತು. ಹೊಸ ಔಷಧವಿಲ್ಲ, ಯಂತ್ರವಿಲ್ಲ. ಮಗುವನ್ನು ಮಲಗಿಸುವ ಭಂಗಿ ಬದಲಾಯಿತು, ಕೆಲವೇ ವರ್ಷಗಳಲ್ಲಿ ಈ ಸಾವುಗಳು ಅರ್ಧಕ್ಕೂ ಕೆಳಗಿಳಿದವು.

ನಮ್ಮ ತೊಟ್ಟಿಲುಗಳಲ್ಲಿ ಕೂಸನ್ನು ಅಂಗಾತ ಮಲಗಿಸುವುದೇ ವಾಡಿಕೆ. ಆದರೆ ಈಗ ಮೊಬೈಲ್ ವಿಡಿಯೊಗಳಲ್ಲಿ ‘ಬೋರಲು ಹಾಕಿ, ಗ್ಯಾಸ್ ಹೋಗುತ್ತದೆ, ಹೆಚ್ಚು ಹೊತ್ತು ಮಲಗುತ್ತದೆ’ ಎಂಬ ಸಲಹೆ ಓಡಾಡುತ್ತಿದೆ. ಬೋರಲು ಮಲಗಿದ ಮಗು ಗಾಢವಾಗಿ ಮಲಗುವುದು ನಿಜ. ಸುಲಭಕ್ಕೆ ಎಚ್ಚರವಾಗದ ಆ ಗಾಢ ನಿದ್ದೆಯೇ ಇಲ್ಲಿನ ಅಪಾಯ.

‘ಅಂಗಾತ ಮಲಗಿಸಿದರೆ ಹಾಲು ಕಕ್ಕಿ ನೆತ್ತಿಗೇರುವುದಿಲ್ಲವೇ’ ಎಂದು ಪ್ರತಿ ಮನೆಯಲ್ಲೂ ಕೇಳುತ್ತಾರೆ. ಮಗು ಅಂಗಾತ ಮಲಗಿರುವಾಗ ಶ್ವಾಸನಾಳ ಮೇಲೆ, ಅನ್ನನಾಳ ಅದರ ಕೆಳಗೆ ಇರುತ್ತದೆ. ಕಕ್ಕಿದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲಾಗಿದ್ದಾಗ ಅನ್ನನಾಳ ಮೇಲಾಗುತ್ತದೆ, ಹಾಲು ಶ್ವಾಸನಾಳದ ಬಾಯಿಗೆ ಇಳಿಯುವುದು ಆಗಲೇ ಸುಲಭ. ಹಾಲು ಕುಡಿಸಿದ ಮೇಲೆ ಭುಜದ ಮೇಲೆ ಹಾಕಿಕೊಂಡು ತೇಗು ತರಿಸಿ, ಆಮೇಲೆ ಅಂಗಾತ ಮಲಗಿಸಿ. ಪದೇ ಪದೇ ಕಕ್ಕುವ ಮಗುವಿಗೂ ಇದೇ ಕ್ರಮ. ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಬೋರಲು ಮಲಗಿಸಿದ್ದನ್ನು ನೀವು ನೋಡಿರಬಹುದು. ಅಲ್ಲಿ ಮೈಗೆ ಮಾನಿಟರ್ ಅಂಟಿಸಿರುತ್ತಾರೆ, ದಾದಿ ಪಕ್ಕದಲ್ಲೇ ಇರುತ್ತಾರೆ. ಮನೆಗೆ ಬಂದ ಮೇಲೆ ಆ ಮಗುವೂ ಅಂಗಾತವೇ ಮಲಗಬೇಕು.

ಇನ್ನೊಂದು ಚಿಂತೆ ತಲೆಯ ಆಕಾರದ್ದು. ತಲೆ ಗುಂಡಗಾಗಲೆಂದು ಸಾಸಿವೆ ದಿಂಬು, ರಾಗಿ ದಿಂಬು ಹೊಲಿಯುತ್ತಾರೆ. ಅಂಗಡಿಯಲ್ಲಿ ನಡುವೆ ಕುಳಿಯಿರುವ ದಿಂಬುಗಳೂ ಸಿಗುತ್ತವೆ. ಇವು ಯಾವುವೂ ಮಲಗುವ ಜಾಗದಲ್ಲಿ ಬೇಡ. ದಿಂಬು ಗದ್ದವನ್ನು ಎದೆಯ ಕಡೆ ಬಾಗಿಸುತ್ತದೆ, ಮಗು ಜಾರಿದರೆ ಮೂಗಿಗೆ ಅಡ್ಡವಾಗುತ್ತದೆ. ತಲೆ ಒಂದು ಕಡೆ ಚಪ್ಪಟೆಯಾಗುತ್ತಿದ್ದರೆ ಇವತ್ತು ತಲೆ ಇಟ್ಟ ತುದಿಗೆ ನಾಳೆ ಕಾಲು ಬರುವಂತೆ ಮಲಗಿಸಿ. ಬೆಳಕು ಮತ್ತು ನಿಮ್ಮ ದನಿ ಬರುವ ದಿಕ್ಕು ಬದಲಾಗಿ ಮಗು ತಾನಾಗಿ ಇನ್ನೊಂದು ಕಡೆ ಕತ್ತು ಹೊರಳಿಸುತ್ತದೆ. ಎಚ್ಚರವಿದ್ದಾಗ, ನೀವು ಎದುರಿಗೇ ಕೂತಿರುವಾಗ, ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿ. ಕತ್ತು, ಭುಜ ಬಲಿಯುತ್ತವೆ.

ಎರಡನೆಯ ಹೆಜ್ಜೆ: ಹಾಸಿಗೆಯನ್ನು ಒತ್ತಿ ನೋಡಿ

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅಂಗೈಯನ್ನು ಹಾಸಿಗೆಯ ಮೇಲಿಟ್ಟು ಬಲವಾಗಿ ಒತ್ತಿ, ತಕ್ಷಣ ತೆಗೆಯಿರಿ. ಕೈಯ ಅಚ್ಚು ಕುಳಿಯಾಗಿ ಉಳಿದು ನಿಧಾನಕ್ಕೆ ಮೇಲೇಳುವ ಹಾಸಿಗೆ ಮಗುವಿಗಲ್ಲ. ದೊಡ್ಡವರ ಮೆತ್ತನೆಯ ಫೋಮ್ ಹಾಸಿಗೆಗಳೂ ಹೊಸದಾಗಿ ತುಂಬಿಸಿದ ಹತ್ತಿ ಹಾಸಿಗೆಗಳೂ ಈ ಪರೀಕ್ಷೆಯಲ್ಲಿ ಸೋಲುತ್ತವೆ.

ನೆಲದ ಮೇಲೆ ಚಾಪೆ, ಅದರ ಮೇಲೆ ಮಡಿಸಿ ಹಾಸಿದ ಕೌದಿ ಗೆಲ್ಲುತ್ತದೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಪೇರಿಸಿ, ಬೆರಳೆಡೆಗೊಂದರಂತೆ ಹೊಲಿಗೆ ಹಾಕಿದ ಕೌದಿ ಒತ್ತಿದರೆ ಕುಗ್ಗುವುದಿಲ್ಲ, ಮುದುಡುವುದಿಲ್ಲ, ಒಗೆಯಬಹುದು, ಬಿಸಿಲಿಗೆ ಹಾಕಬಹುದು. ಮಗುವಿನ ಕೆಳಗೆ ಇದಕ್ಕಿಂತ ಒಳ್ಳೆಯ ಹಾಸು ನನಗೆ ಗೊತ್ತಿಲ್ಲ. ಅದೇ ಕೌದಿಯನ್ನು ಮಗುವಿನ ಮೇಲೆ ಹೊದಿಸಿದರೆ ಅದು ಅಪಾಯ: ಭಾರ ಹೆಚ್ಚು, ಎಳೆಗೂಸಿನ ಕೈಗೆ ಅದನ್ನು ಮುಖದಿಂದ ಸರಿಸುವ ಶಕ್ತಿಯಿಲ್ಲ. ನೆಲದಲ್ಲಿ ಮಲಗಿಸುವಾಗ ಇರುವೆ, ತಂಡಿ, ಮನೆಯ ಬೆಕ್ಕು ಇವುಗಳ ಕಡೆ ಗಮನವಿರಲಿ.

ಮರದ ತೊಟ್ಟಿಲಾದರೆ ತಳ ಸಮನಾಗಿದೆಯೇ, ಹಾಸಿಗೆಗೂ ಪಕ್ಕದ ಹಲಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇದೆಯೇ, ಸರಳುಗಳ ನಡುವೆ ತಲೆ ತೂರುವಷ್ಟು ಜಾಗವಿದೆಯೇ ನೋಡಿ. ತೂಗುವುದು ನಿಂತ ಮೇಲೆ ತೊಟ್ಟಿಲು ಒಂದು ಕಡೆ ವಾಲಬಾರದು. ಸರಪಳಿಗೆ ಕಟ್ಟಿದ ಗಿಲಕಿಯ ದಾರ ಮಗುವಿನ ಕೈಗೆಟಕಬಾರದು.

ಆಮೇಲೆ ಹಾಸಿಗೆಯನ್ನು ಖಾಲಿ ಮಾಡಿ. ತೊಟ್ಟಿಲು ಶಾಸ್ತ್ರಕ್ಕೆ ಬಂದ ಉಡುಗೊರೆಗಳಲ್ಲಿ ಒಂದು ದಿಂಬು, ಎರಡು ಪುಟ್ಟ ಲೋಡು, ಮೆತ್ತನೆಯ ಹಾಸಿಗೆ, ಮೇಲೊಂದು ಸೊಳ್ಳೆಪರದೆ ಇರುವ ಸೆಟ್ ಇದ್ದೇ ಇರುತ್ತದೆ. ಕೊಟ್ಟವರ ಪ್ರೀತಿ ದೊಡ್ಡದು. ಲೋಡು, ದಿಂಬುಗಳನ್ನು ಫೋಟೊ ತೆಗೆದಾದ ಮೇಲೆ ಎತ್ತಿಡಿ. ಅಮೆರಿಕದಲ್ಲಿ ತೊಟ್ಟಿಲ ಸುತ್ತ ಕಟ್ಟುವ ಮೆತ್ತನೆಯ ಒತ್ತುಪಟ್ಟಿಗಳನ್ನೂ ಇಳಿಜಾರಿನ ಮಲಗು ಕುರ್ಚಿಗಳನ್ನೂ 2022ರಲ್ಲಿ ಕಾನೂನು ತಂದೇ ನಿಷೇಧಿಸಿದರು; ಮಕ್ಕಳು ಸತ್ತ ಮೇಲೆ ಬಂದ ಕಾನೂನು ಅದು. ಗೊಂಬೆ, ಬಿಬ್, ಮಡಿಸಿದ ಟವೆಲು, ಬಟ್ಟೆಯ ಡಯಾಪರ್ ಗಂಟು, ಯಾವುದೂ ಮಗುವಿನ ತಲೆಯ ಹತ್ತಿರ ಬೇಡ. ಕೊರಳಲ್ಲಿ ತಾಯಿತ, ಕರಿಮಣಿ, ದಾರ ಇದ್ದರೆ ಮಲಗಿಸುವಾಗ ತೆಗೆದುಬಿಡಿ. ದೃಷ್ಟಿಗೆ ಏನಾದರೂ ಕಟ್ಟಲೇಬೇಕು ಎನ್ನುವವರು ಕೊರಳಿನ ಬದಲು ಸೊಂಟಕ್ಕೆ ಸಡಿಲವಾದ ಉಡಿದಾರ ಕಟ್ಟಲಿ.

ಸೊಳ್ಳೆಪರದೆ ಖಂಡಿತ ಬೇಕು, ಡೆಂಗಿಯ ಊರಲ್ಲಿ ಅದನ್ನು ಬಿಡಲಾಗದು. ಆದರೆ ಮಗುವಿನ ಮುಖಕ್ಕೆ ತಾಗುವಷ್ಟು ಸಣ್ಣ ಕೊಡೆಯಂಥದ್ದಕ್ಕಿಂತ ತಾಯಿ ಮಗು ಇಬ್ಬರನ್ನೂ ಒಳಗೊಳ್ಳುವ, ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸುವ ದೊಡ್ಡ ಪರದೆ ಒಳ್ಳೆಯದು.

ಮೂರನೆಯ ಹೆಜ್ಜೆ: ತಾಯಿಯ ಪಕ್ಕದಲ್ಲಿ, ತನ್ನದೇ ಹಾಸಿನಲ್ಲಿ

ಕನಿಷ್ಠ ಮೊದಲ ಆರು ತಿಂಗಳು ಮಗು ತಾಯಿಯ ಕೋಣೆಯಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ ಮಲಗಬೇಕು. ಮಗುವಿಗೊಂದು ಬೇರೆ ಕೋಣೆ ಎಂಬ ಪದ್ಧತಿ ನಮ್ಮಲ್ಲಿಲ್ಲ, ಅದು ನಮ್ಮ ಭಾಗ್ಯ. ತಾಯಿ ಹತ್ತಿರವಿದ್ದರೆ ಮಗುವಿನ ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ, ಹಾಲೂಡಿಸುವುದೂ ಸುಲಭ.

ಹತ್ತಿರ ಸರಿ, ಒಂದೇ ಹಾಸಿಗೆಯೇ? ಅತಿ ಸುರಕ್ಷಿತವಾದದ್ದು ಪಕ್ಕದಲ್ಲಿ ಪ್ರತ್ಯೇಕ ಹಾಸು. ತಾಯಿ ನೆಲದಲ್ಲಿ ಮಲಗುವವಳಾದರೆ ಪಕ್ಕದಲ್ಲೇ ಮಗುವಿಗೊಂದು ಕೌದಿ. ಮಂಚದಲ್ಲಿ ಮಲಗುವವಳಾದರೆ ಮಂಚಕ್ಕೆ ತಾಗಿದಂತೆ ತೊಟ್ಟಿಲು. ಆದರೆ ಒಂದು ಕೋಣೆಯ ಮನೆಗಳಲ್ಲಿ, ರಾತ್ರಿಗೆ ಐದು ಸಲ ಎದ್ದು ಹಾಲು ಕೊಡುವ ತಾಯಂದಿರಿಗೆ ‘ಜೊತೆಗೆ ಮಲಗಲೇಬೇಡ’ ಎಂದು ಗದರಿಸಿದರೆ ಉಪಯೋಗವಿಲ್ಲ. ಆಕೆ ಹೇಳದೆ ಮಲಗುತ್ತಾಳೆ, ಅಷ್ಟೇ. ಆದ್ದರಿಂದ ಜೊತೆಗೆ ಮಲಗುವುದು ಯಾವಾಗ ಖಂಡಿತ ಕೂಡದು ಎಂಬುದನ್ನು ನೆನಪಿಟ್ಟುಕೊಳ್ಳಿ. ಹಾಸಿಗೆಯಲ್ಲಿರುವ ಯಾರಾದರೂ ಬೀಡಿ, ಸಿಗರೇಟು ಸೇದುವವರಾದರೆ ಕೂಡದು. ಕುಡಿದಿದ್ದರೆ, ನಿದ್ದೆಯ ಮಾತ್ರೆ ಅಥವಾ ಮಂಪರು ತರುವ ಔಷಧ ತೆಗೆದುಕೊಂಡಿದ್ದರೆ ಕೂಡದು. ಸಿಸೇರಿಯನ್ ಆದ ಮೊದಲ ದಿನಗಳ ಕೆಲವು ನೋವಿನ ಔಷಧಗಳೂ ಮಂಪರು ತರುತ್ತವೆ, ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಮಗು 37 ವಾರಕ್ಕೆ ಮೊದಲೇ ಹುಟ್ಟಿದ್ದರೆ ಅಥವಾ ಹುಟ್ಟಿದಾಗ ತೂಕ ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಕೂಡದು.

ಇವು ಯಾವುವೂ ಇಲ್ಲದೆ, ಜೊತೆಗೆ ಮಲಗುವುದೇ ಆದರೆ ಗಟ್ಟಿ ಹಾಸಿಗೆ, ಅದೂ ನೆಲದಲ್ಲಿದ್ದರೆ ಉತ್ತಮ. ಮಗು ಅಂಗಾತ, ತಾಯಿಯ ದಿಂಬಿನಿಂದ ದೂರ, ಅವಳ ಎದೆಯ ಮಟ್ಟದಲ್ಲಿ. ತಾಯಿಯ ಹೊದಿಕೆ ಅವಳ ಸೊಂಟದವರೆಗೆ ಮಾತ್ರ. ಜಡೆ ಕಟ್ಟಿರಬೇಕು, ಸೆರಗು ವೇಲುಗಳು ಮಗುವಿನ ಮುಖದ ಕಡೆ ಜಾರದಂತಿರಬೇಕು. ಗೋಡೆಗೂ ಹಾಸಿಗೆಗೂ ನಡುವಿನ ಸಂದಿಗೆ ಮಗುವನ್ನು ಸರಿಸಬಾರದು. ತಾಯಿಗೂ ತಂದೆಗೂ ನಡುವೆ ಮಲಗಿಸುವ ರೂಢಿ ಬಿಟ್ಟು ತಾಯಿಯ ಇನ್ನೊಂದು ಮಗ್ಗುಲಿಗೆ ತನ್ನಿ. ದೊಡ್ಡ ಮಗು ತಮ್ಮನ ಪಕ್ಕ ಮಲಗುತ್ತೇನೆಂದು ಹಟ ಹಿಡಿದರೂ ನಡುವೆ ತಾಯಿಯಿರಲಿ.

ಸೋಫಾ, ಒರಗು ಕುರ್ಚಿ ಇವುಗಳ ಮೇಲೆ ಮಗುವನ್ನು ಎದೆಗಪ್ಪಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯಕಾರಿ. ಮೆತ್ತೆಗಳ ಸಂದಿಗೆ ಜಾರಿದ ಮಗುವಿಗೆ ಉಸಿರಿಗೆ ದಾರಿಯೇ ಇರುವುದಿಲ್ಲ. ಟಿವಿ ನೋಡುತ್ತ ಮೊಮ್ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿಕೊಳ್ಳುವ ತಾತಂದಿರಿಗೆ ಇದನ್ನು ಮೃದುವಾಗಿ, ಆದರೆ ಬಿಡದೆ ಹೇಳಬೇಕು. ಹಾಲೂಡಿಸುವಾಗ ಕಣ್ಣು ಎಳೆಯುತ್ತಿದ್ದರೆ ಸೋಫಾ ಬಿಟ್ಟು ಹಾಸಿಗೆಗೆ ಬನ್ನಿ.

ಕಡಿಮೆ ತೂಕದ ಮಗುವಿಗೆ ಆಸ್ಪತ್ರೆಯಲ್ಲಿ ಕಾಂಗರೂ ಆರೈಕೆ, ಅಂದರೆ ಮಗುವನ್ನು ತಾಯಿಯ ಬರಿಯ ಎದೆಗೆ ಮೈ ತಾಗುವಂತೆ ಇಟ್ಟುಕೊಳ್ಳುವುದನ್ನು, ಹೇಳಿಕೊಟ್ಟಿದ್ದರೆ ಅದನ್ನು ಖಂಡಿತ ಮುಂದುವರಿಸಿ, ಜೀವ ಉಳಿಸುವ ಆರೈಕೆ ಅದು. ತಾಯಿ ಅರ್ಧ ಒರಗಿರಬೇಕು, ಮಗುವಿನ ಮುಖ ಒಂದು ಪಕ್ಕಕ್ಕೆ ತಿರುಗಿ ಮೂಗು ಕಾಣುತ್ತಿರಬೇಕು, ಕತ್ತು ಬಾಗಿರಬಾರದು. ಅವಳಿಗೆ ಜೋಂಪು ಹತ್ತಿದರೆ ನೋಡಿಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿರಲಿ.

ನಾಲ್ಕನೆಯ ಹೆಜ್ಜೆ: ನೀರು ಹಾಕಿದ ಮೇಲಿನ ನಿದ್ದೆ

ಬಾಣಂತಿ ಮನೆಯ ಆ ಬೆಳಗಿನ ಹೊತ್ತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು, ಹಂಡೆಯ ಬಿಸಿನೀರು ಹುಯ್ದಾಯಿತು. ಮಗು ಅತ್ತು ಅತ್ತು ದಣಿದಿದೆ. ಮೈ ಒರೆಸಿ ಸಾಂಬ್ರಾಣಿ ಹೊಗೆ ಹಿಡಿದರು. ಹಳೆಯ ಪಂಚೆಯ ತುಂಡಿನಲ್ಲಿ ಕೈಕಾಲು ಬಿಗಿದು ಸುತ್ತಿದರು, ಅದರ ಮೇಲೆ ಟವೆಲು, ಅದರ ಮೇಲೆ ಉಣ್ಣೆಯ ಹೊದಿಕೆ. ತಲೆಗೆ ಕುಲಾವಿ ಹಾಕಿ ಗದ್ದದಡಿ ದಾರ ಕಟ್ಟಿದರು. ಹಾಲು ಕುಡಿಸಿ, ಕಿಟಕಿ ಮುಚ್ಚಿ, ಕೋಣೆ ಕತ್ತಲು ಮಾಡಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಬಂದರು. ‘ಎರಡು ಮೂರು ಗಂಟೆ ಏಳುವುದಿಲ್ಲ, ಯಾರೂ ಆ ಕಡೆ ಹೋಗಬೇಡಿ’ ಎಂಬ ಕಟ್ಟಪ್ಪಣೆ. ಅರ್ಧ ಗಂಟೆಯ ನಂತರ ಕುಲಾವಿಯ ಅಂಚಿನ ಕೆಳಗೆ ಬೆರಳು ತೂರಿಸಿದರೆ ಕತ್ತಿನ ಕೂದಲು ಬೆವರಿಗೆ ಅಂಟಿಕೊಂಡಿರುತ್ತದೆ.

ಇಲ್ಲಿ ಮನೆಯವರು ಮಾಡಿದ್ದೆಲ್ಲ ಮುತುವರ್ಜಿಯಿಂದಲೇ. ಆದರೆ ದಣಿವು, ಬಿಸಿ, ಹೊಗೆ, ಬಿಗಿ, ಏಕಾಂತ ಐದೂ ಒಂದೇ ನಿದ್ದೆಯಲ್ಲಿ ಕೂಡಿದವು. ಎಣ್ಣೆ ನೀರು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರ ನಂತರದ ಕ್ರಮ ಬದಲಾಗಲಿ.

ಸಾಂಬ್ರಾಣಿ ಹೊಗೆಯನ್ನು ಮಗುವಿಗೆ ಹಿಡಿಯಬೇಡಿ. ಮನೆಯಲ್ಲಿ ಹಾಕಲೇಬೇಕೆಂದರೆ ಮಗು ಬೇರೆ ಕೋಣೆಯಲ್ಲಿರುವಾಗ ಹಾಕಿ, ಹೊಗೆ ಪೂರ್ತಿ ಹೋದ ಮೇಲೆ ಕರೆತನ್ನಿ. ಮಲೆನಾಡು, ಕೊಡಗಿನ ಚಳಿಯಲ್ಲಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುವುದಂತೂ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಟ್ಟೆಯ ಲೆಕ್ಕ ಸರಳ: ಆ ಕೋಣೆಯಲ್ಲಿ ನಿಮಗೆ ಎಷ್ಟು ಬಟ್ಟೆ ಹಿತವೋ ಅದಕ್ಕಿಂತ ಒಂದು ಪದರ ಹೆಚ್ಚು, ಅಷ್ಟೇ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ತೆಳುವಾದ ಒಂದು ಹತ್ತಿಯ ಜುಬ್ಬವೇ ಸಾಕಾಗಬಹುದು. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ. ಗಾಳಿಯಾಡುವ ಕೋಣೆ ಮಗುವಿಗೆ ಒಳ್ಳೆಯದು. ಬೆಚ್ಚಗಿದೆಯೇ ಎಂದು ನೋಡಲು ಅಂಗೈ ಅಂಗಾಲು ಮುಟ್ಟಬೇಡಿ, ಅವು ಎಳೆಮಕ್ಕಳಲ್ಲಿ ತಣ್ಣಗಿರುವುದೇ ಹೆಚ್ಚು. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ, ಕಾದಿದ್ದರೆ ಒಂದು ಪದರ ತೆಗೆಯಿರಿ.

ಮೈಗೆ ಬಟ್ಟೆ ತೊಡಿಸಿ ಹೊದಿಸಿದ ಮಗುವಿನ ಹೆಚ್ಚಿನ ಬಿಸಿ ಹೊರಹೋಗುವುದು ತಲೆ ಮತ್ತು ಮುಖದ ಮೂಲಕ. ಹುಟ್ಟಿದ ಮೊದಲ ದಿನಗಳಲ್ಲಿ, ಕಡಿಮೆ ತೂಕದ ಮಗುವಿಗೆ, ಟೊಪ್ಪಿಗೆ ಬೇಕೆಂದು ಆಸ್ಪತ್ರೆಯವರು ಹೇಳಿದರೆ ಹಾಕಿ. ಮೈ ತಣ್ಣಗಾಗುವುದು ಅಂಥ ಮಕ್ಕಳಿಗೆ ನಿಜವಾದ ಅಪಾಯ. ಆ ದಿನಗಳು ಕಳೆದು ಮಗು ಮೈ ತುಂಬಿಕೊಂಡ ಮೇಲೆ ಬೆಚ್ಚನೆಯ ಕೋಣೆಯಲ್ಲಿ ಮಲಗಿಸುವಾಗ ಕುಲಾವಿ ತೆಗೆಯಿರಿ. ಅದು ಜಾರಿ ಮೂಗಿನ ಮೇಲೆ ಬರುವ ಸಾಧ್ಯತೆಯೂ ತಪ್ಪುತ್ತದೆ.

ಬಟ್ಟೆ ಸುತ್ತುವುದಾದರೆ ತೆಳುವಾದ ಹತ್ತಿಬಟ್ಟೆ, ಭುಜದಿಂದ ಕೆಳಗೆ, ಎದೆಯ ಬಳಿ ಎರಡು ಬೆರಳು ತೂರುವಷ್ಟು ಸಡಿಲ. ಸೊಂಟ ಮತ್ತು ಕಾಲುಗಳು ಕಪ್ಪೆಯಂತೆ ಅಗಲಿಸಿ ಮಡಚಲು ಜಾಗವಿರಬೇಕು, ಇಲ್ಲವಾದರೆ ಸೊಂಟದ ಕೀಲಿಗೆ ತೊಂದರೆ. ಸುತ್ತಿದ ಮಗುವನ್ನು ಅಂಗಾತವೇ ಮಲಗಿಸಬೇಕು. ಹೊರಳಲು ಯತ್ನಿಸುವ ಲಕ್ಷಣ ಕಂಡ ದಿನವೇ, ಸಾಮಾನ್ಯವಾಗಿ ಮೂರು ನಾಲ್ಕನೆಯ ತಿಂಗಳಲ್ಲಿ, ಸುತ್ತುವುದನ್ನು ನಿಲ್ಲಿಸಿ. ಕೈ ಕಟ್ಟಿದ ಮಗು ಬೋರಲಾದರೆ ತಲೆಯೆತ್ತಿಕೊಳ್ಳಲಾರದು.

ಕೊನೆಯದಾಗಿ, ಬಾಗಿಲು ತೆರೆದಿರಲಿ. ನೀರು ಹಾಕಿದ ಮೇಲೆ ಮಲಗಿದ ಮಗುವಿನ ಪಕ್ಕದಲ್ಲಿ ಯಾರಾದರೂ ಒಬ್ಬರು ಕೂತಿರಲಿ, ಹೂ ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ.

ಸೀರೆಯ ಜೋಲಿ

ಇದರ ಬಗ್ಗೆ ಬರೆಯುವಾಗ ನನಗೆ ಸಂಕಟವಾಗುತ್ತದೆ. ಹೊಲದ ಬದುವಿನ ಮರಕ್ಕೆ, ಕಟ್ಟಡ ಕೆಲಸದ ಕಂಬಕ್ಕೆ ಅಮ್ಮನ ಸೀರೆ ಕಟ್ಟಿ ಮಗುವನ್ನು ತೂಗುವ ತಾಯಿಗೆ ಬೇರೆ ದಾರಿ ಕಡಿಮೆ. ಆದರೆ ಜೋಲಿಯಲ್ಲಿ ಬೆನ್ನು ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ, ಎಳೆಗೂಸಿನ ಮೆತ್ತನೆಯ ಶ್ವಾಸನಾಳ ಮಡಚಿಕೊಳ್ಳುತ್ತದೆ. ಸೀರೆಯ ಎರಡು ಅಂಚು ಮೇಲೆ ಕೂಡಿಕೊಂಡರೆ ಗಾಳಿಯೂ ಕಡಿಮೆ. ಮನೆಯಲ್ಲಿ ನೆಲದ ಹಾಸು ಸಾಧ್ಯವಿರುವವರು ಜೋಲಿಯಲ್ಲಿ ಮಗು ನಿದ್ದೆ ಹೋದೊಡನೆ ಎತ್ತಿ ಸಮತಟ್ಟಾದ ಜಾಗಕ್ಕೆ ಮಲಗಿಸಿ. ಕಟ್ಟಲೇಬೇಕಾದವರು ಅಡಿಯಲ್ಲಿ ಅಗಲವಾಗಿ ಹರಡುವಂತೆ ಕಟ್ಟಿ, ಮೇಲೆ ಎರಡು ಅಂಚುಗಳ ನಡುವೆ ಅಡ್ಡಕೋಲು ಸಿಕ್ಕಿಸಿ ಬಾಯಿ ತೆರೆದಿರುವಂತೆ ಮಾಡಿ, ಗದ್ದ ಎದೆಯಿಂದ ಮೇಲಿದೆಯೇ ಎಂದು ಆಗಾಗ ನೋಡಿ, ಕಣ್ಣಳತೆಯಲ್ಲೇ ಇರಿ. ಮಗು ಇಲ್ಲದ ಹೊತ್ತಿನಲ್ಲಿ ಜೋಲಿ ಬಿಚ್ಚಿಡಿ. ದೊಡ್ಡ ಮಕ್ಕಳು ಅದರಲ್ಲಿ ಗಿರಗಿರನೆ ತಿರುಗಿ ಆಡಲು ಹೋಗಿ ಕೊರಳಿಗೆ ಸುತ್ತಿಕೊಂಡ ದುರಂತಗಳು ಆಗಿವೆ.

ಸ್ಕೂಟರಿನಲ್ಲಿ ಅಪ್ಪ ಅಮ್ಮನ ನಡುವೆ, ಶಾಲಿನಲ್ಲಿ ಮುಖ ಮುಚ್ಚಿ ಮಗುವನ್ನು ಒಯ್ಯುವಾಗಲೂ ಇದೇ ಅಪಾಯ. ಗಾಳಿಗೆ ಹೆದರಿ ಮುಖಕ್ಕೆ ಬಟ್ಟೆ ಹೊದಿಸಿ ಎದೆಗೆ ಒತ್ತಿಹಿಡಿದಿರುತ್ತೇವೆ, ಗಾಡಿಯ ಸದ್ದಿನಲ್ಲಿ ಮಗುವಿನ ಸದ್ದು ಕೇಳದು. ಸಾಧ್ಯವಾದರೆ ಬಸ್ಸು, ಆಟೊ ಹಿಡಿಯಿರಿ. ಕಾರಿನ ಮಕ್ಕಳ ಸೀಟಿನಲ್ಲಿ ಮಲಗಿದ ಮಗುವನ್ನು ಊರು ತಲುಪಿದ ಕೂಡಲೇ ಸೀಟಿನಿಂದ ಎತ್ತಿ ಸಮತಟ್ಟಾದ ಹಾಸಿಗೆಗೆ ವರ್ಗಾಯಿಸಿ.

ಹೊಗೆ, ಹಾಲು, ಲಸಿಕೆ

ಬಸಿರಿನಲ್ಲಿ ತಂಬಾಕಿನ ಸೇವನೆ ಮತ್ತು ಹುಟ್ಟಿದ ಮೇಲೆ ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ, ಇವೆರಡೂ ಈ ಸಾವಿನ ಅಪಾಯವನ್ನು ಬಹಳ ಹೆಚ್ಚಿಸುತ್ತವೆ. ‘ಹೊರಗೆ ಹೋಗಿ ಸೇದಿ ಬರುತ್ತೇನೆ’ ಎಂಬುದು ಒಳಗೆ ಸೇದುವುದಕ್ಕಿಂತ ಮೇಲು, ಆದರೆ ಸೇದಿದವರ ಬಟ್ಟೆ, ಉಸಿರುಗಳಲ್ಲಿ ಅದು ಉಳಿದಿರುತ್ತದೆ. ಮಗು ಹುಟ್ಟುವ ಮೊದಲೇ ಅಪ್ಪ ಬಿಡುವುದು ಆ ಮಗುವಿಗೆ ಕೊಡುವ ದೊಡ್ಡ ಉಡುಗೊರೆ. ಹಲ್ಲಿಗೆ ತಂಬಾಕಿನ ಗುಡಕು ತಿಕ್ಕುವ, ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸವಿರುವ ಬಸುರಿಯರು ಅದನ್ನೂ ಬಿಡಬೇಕು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಉರಿಸುವುದು ಬೇಡ, ಪರದೆ ಇರುವಾಗ ಅದರ ಅಗತ್ಯವೂ ಇಲ್ಲ. ಸೌದೆ ಒಲೆಯ ಮನೆಯಾದರೆ ಅಡುಗೆಯ ಹೊತ್ತಿಗೆ ಮಗು ಪಡಸಾಲೆಯಲ್ಲಿ, ಇನ್ನೊಬ್ಬರ ಕಣ್ಣೆದುರು ಮಲಗಿರಲಿ.

ಎದೆಹಾಲು ರಕ್ಷಣೆ ಕೊಡುತ್ತದೆ. ಕನಿಷ್ಠ ಎರಡು ತಿಂಗಳು ಎದೆಹಾಲು ಕುಡಿದ ಮಕ್ಕಳಲ್ಲಿ ಹಠಾತ್ ಮರಣದ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳು ಈ ಸಾವುಗಳು ಹೆಚ್ಚಾಗಿರುವ ವಯಸ್ಸಿನಲ್ಲೇ ಬರುವುದರಿಂದ ಅನೇಕರು ಎರಡಕ್ಕೂ ನಂಟು ಕಲ್ಪಿಸುತ್ತಾರೆ. ಅಂಥ ನಂಟಿಲ್ಲ ಎಂಬುದನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಲಸಿಕೆ ಹಾಕಿಸಿದ ಮಕ್ಕಳಲ್ಲಿ ಅಪಾಯ ಕಡಿಮೆಯೇ ಇದೆ. ಚೆನ್ನಾಗಿ ನಿದ್ದೆ ಬರಲೆಂದು ನೆಗಡಿ ಕೆಮ್ಮಿನ ಸಿರಪ್ ಕುಡಿಸುವುದು ಮಾತ್ರ ಎಂದಿಗೂ ಬೇಡ. ಉಸಿರು ಗಮನಿಸುತ್ತದೆಂದು ಮಾರುವ ಕಾಲುಚೀಲ, ಮೊಬೈಲ್ ಮಾನಿಟರ್‌ಗಳು ಹಠಾತ್ ಮರಣವನ್ನು ತಡೆಯುತ್ತವೆ ಎಂಬುದಕ್ಕೆ ಆಧಾರವಿಲ್ಲ. ಆ ದುಡ್ಡಿಗೆ ಗಟ್ಟಿ ಹಾಸಿಗೆ, ಒಳ್ಳೆಯ ಸೊಳ್ಳೆಪರದೆ ಬರುತ್ತವೆ.

ಮಲಗಿಸುವ ಎಲ್ಲರಿಗೂ ಒಂದೇ ಕ್ರಮ

ಯಾವಾಗಲೂ ಅಂಗಾತ ಮಲಗಿ ರೂಢಿಯಾದ ಮಗುವನ್ನು ಯಾರೋ ಒಂದು ದಿನ ಬೋರಲು ಮಲಗಿಸಿದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಅಜ್ಜಿ, ಅತ್ತೆ, ನೀರು ಹಾಕಲು ಬರುವವರು, ಶಿಶುವಿಹಾರದವರು ಎಲ್ಲರಿಗೂ ಮೊದಲ ದಿನವೇ ತಿಳಿಸಿ. ಅಮೆರಿಕ, ಬ್ರಿಟನ್‌ಗಳಲ್ಲಿರುವ ಕನ್ನಡದ ಮನೆಗಳಲ್ಲಿ ಇದು ನಿಜವಾದ ಇಕ್ಕಟ್ಟು. ಆಸ್ಪತ್ರೆಯ ದಾದಿ ಒಂದು ಹೇಳಿ ಕಳಿಸಿರುತ್ತಾರೆ, ಬಾಣಂತನಕ್ಕೆ ಊರಿನಿಂದ ಬಂದ ಅಮ್ಮ ಇನ್ನೊಂದು ಹೇಳುತ್ತಾರೆ. ‘ಅಮ್ಮಾ, ನೀವು ನಮ್ಮನ್ನು ಅಂಗಾತವೇ ಮಲಗಿಸಿ ಬೆಳೆಸಿದಿರಿ, ಅದನ್ನೇ ಈಗ ಇಲ್ಲಿಯವರೂ ಹೇಳುತ್ತಿದ್ದಾರೆ’ ಎಂದು ಮಾತು ತೆಗೆದರೆ ದಿಂಬಿನ ವಿಷಯಕ್ಕೆ ಬರುವುದು ಸುಲಭವಾಗುತ್ತದೆ. ಊರಿನಲ್ಲಾದರೆ ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ತೂಕ, ಜ್ವರ ನೋಡಿದ ಮೇಲೆ ಮಗು ಮಲಗುವ ಜಾಗವನ್ನೂ ಅವರಿಗೆ ತೋರಿಸಿ. ಅವರ ಬಾಯಿಂದ ಬಂದ ಮಾತನ್ನು ಹಿರಿಯರು ಒಪ್ಪುವುದು ಹೆಚ್ಚು.

ಮಗು ತಾನಾಗಿ ಎರಡೂ ಕಡೆ ಹೊರಳಲು ಕಲಿತ ಮೇಲೆ ಅಂಗಾತ ಮಲಗಿಸಿ ಬಿಡಿ. ನಿದ್ದೆಯಲ್ಲಿ ಹೊರಳಿಕೊಂಡರೆ ರಾತ್ರಿಯಿಡೀ ಎದ್ದು ತಿರುಗಿಸಬೇಕಾಗಿಲ್ಲ. ಹಾಸಿಗೆ ಮಾತ್ರ ಮೊದಲಿಗಿಂತ ಹೆಚ್ಚು ಖಾಲಿಯಿರಲಿ. ದಿಂಬು, ದಪ್ಪ ಹೊದಿಕೆಗಳಿಗೆ ಒಂದು ವರ್ಷ ತುಂಬುವವರೆಗೆ ಕಾಯಿರಿ.

ಉಸಿರಿನ ಬಗ್ಗೆ ಅನುಮಾನ ಬಂದರೆ

ಎಳೆಯ ಮಕ್ಕಳು ನಿದ್ದೆಯಲ್ಲಿ ಐದು ಹತ್ತು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಬೇಗ ಬೇಗ ಉಸಿರಾಡುವುದು ಸಹಜ. 20 ಸೆಕೆಂಡಿಗಿಂತ ಹೆಚ್ಚು ನಿಂತರೆ, ತುಟಿ ನಾಲಗೆ ನೀಲಿಯಾದರೆ, ಮೈ ಜೋತುಬಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಆಮೇಲೆ ಸರಿಹೋದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗು ಉಸಿರಾಡುತ್ತಿಲ್ಲವೆಂದು ಕಂಡರೆ ಅಂಗಾಲಿಗೆ ತಟ್ಟಿ ಎಬ್ಬಿಸಲು ನೋಡಿ. ಅಲುಗಾಡಿಸಬೇಡಿ, ತಲೆಕೆಳಗು ಮಾಡಬೇಡಿ, ನೀರು ಚಿಮುಕಿಸಿ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ ಮೊಬೈಲನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎರಡೂ ಕೈಗಳಿಂದ ಎದೆಗೂಡನ್ನು ಬಳಸಿ ಹಿಡಿದು, ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗೆ, ಎದೆಮೂಳೆಯ ಮೇಲೆ ಎರಡು ಹೆಬ್ಬೆರಳಿಟ್ಟು ಸುಮಾರು ನಾಲ್ಕು ಸೆಂಟಿಮೀಟರ್ ಆಳಕ್ಕೆ ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. 30 ಸಲ ಒತ್ತಿದ ಮೇಲೆ ತಲೆಯನ್ನು ನೆಟ್ಟಗಿಟ್ಟು, ಹಿಂದಕ್ಕೆ ಬಾಗಿಸದೆ, ಮಗುವಿನ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಎದೆ ಏಳುವಷ್ಟು ಮಾತ್ರ ಮೆಲ್ಲಗೆ ಎರಡು ಸಲ ಊದಿ. ಮಗು ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಓದಿ ಕಲಿಯುವ ವಿದ್ಯೆಯಲ್ಲ ಇದು. ಹೆರಿಗೆಗೆ ಮೊದಲೇ, ಹೆರಿಗೆಯ ಆಸ್ಪತ್ರೆಯಲ್ಲೇ ಗೊಂಬೆಯ ಮೇಲೆ ಮಾಡಿ ತೋರಿಸಲು ಕೇಳಿ.

ಇಷ್ಟೆಲ್ಲ ಮಾಡಿದ ಮನೆಯಲ್ಲೂ ಮಗು ಹೋಗಬಹುದು. ಹಾಗಾದಾಗ ನಮ್ಮಲ್ಲಿ ಮೊದಲು ಬೆರಳು ತೋರಿಸುವುದು ತಾಯಿಯ ಕಡೆಗೆ: ನಿದ್ದೆಗಣ್ಣಿನಲ್ಲಿ ಹಾಲು ಕೊಟ್ಟಳು, ದೃಷ್ಟಿ ತೆಗೆಯಲಿಲ್ಲ, ಕಾಲ್ಗುಣ. ಈ ಮಾತುಗಳನ್ನು ಆಡುವವರ ಬಾಯಿಯನ್ನು ಮನೆಯ ಹಿರಿಯರೇ ಮುಚ್ಚಿಸಬೇಕು. ಆ ವಾರಗಳಲ್ಲಿ ಅವಳನ್ನು ಒಂಟಿಯಾಗಿ ಬಿಡಬೇಡಿ. ಹಾಲು ಕಟ್ಟಿ ಎದೆ ನೋಯುತ್ತಿರುತ್ತದೆ, ಅದಕ್ಕೆ ವೈದ್ಯರ ಸಹಾಯ ಬೇಕು. ಊಟ ನಿದ್ದೆ ಬಿಟ್ಟಿದ್ದರೆ, ಬದುಕು ಬೇಡವೆನ್ನುತ್ತಿದ್ದರೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಮಾನಸಿಕ ಆರೋಗ್ಯಕ್ಕಾಗಿ ಇರುವ 14416 ಟೆಲಿಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮರಣೋತ್ತರ ಪರೀಕ್ಷೆಗೆ ಒಪ್ಪುವುದು ಸಂಕಟದ ಕೆಲಸ, ಆದರೆ ಹುಟ್ಟಿನಿಂದ ಬಂದ ಹೃದಯದ ತೊಂದರೆಯೋ ಸೋಂಕೋ ಇದ್ದರೆ ಅದರಿಂದಲೇ ತಿಳಿಯುತ್ತದೆ. ಮುಂದೆ ಬಸಿರಾದಾಗ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ಈ ಸಂಗತಿ ಹೇಳಿ, ಆ ವರದಿಯನ್ನು ತೋರಿಸಿ.